ಎಲ್ಲವನ್ನೂ ಬದಲಾಯಿಸು

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿಯ ಪಕ್ಕ,
ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದೂವರೆ ಕುರ್ಚಿ.
ನನ್ನ ಕಸುಬು ಅರ್ಜಿ.
ಅದರಲ್ಲಿ ಮುಕ್ಕಾಲು ಪಾಲು ಆನೆಯದು.

ಆನೆ ಓದುವುದಿಲ್ಲ, ಸಹಿ ಹಾಕುವುದಿಲ್ಲ. ಆದರೂ ಅದರಷ್ಟು ಕೆಲಸ
ಈ ಅಂಗಡಿಗೆ ಕೊಟ್ಟವರು ಬೇರೆ ಯಾರೂ ಇಲ್ಲ.
ಮೊನ್ನೆ ಕಾಫಿ, ನಿನ್ನೆ ಬಾಳೆ, ಇವತ್ತು ಬೇಲಿ,
ನಾಳೆ ಯಾರದೋ ನೀರಿನ ಡ್ರಮ್ಮು.

ಆರು ವರ್ಷ ಪ್ರತಿ ಅರ್ಜಿಯನ್ನೂ ಮೊದಲಿನಿಂದ ಬಡಿದೆ,
ಮಾನ್ಯರೇ ಎಂಬಲ್ಲಿಂದ ತಮ್ಮ ವಿಶ್ವಾಸಿಯ ತನಕ.
ಸಹಿಯನ್ನು ಬಲಕ್ಕೆ ತಳ್ಳಲು ಸ್ಪೇಸ್ ಬಾರ್ ನಲವತ್ತು ಸಲ,
ಮುಂದಿನ ಪುಟ ಮುಟ್ಟಲು ಎಂಟರ್, ಎಂಟರ್, ಎಂಟರ್,
ಮೊಣಕಾಲು ನೋವಿನವರು ಮೆಟ್ಟಿಲು ಇಳಿದ ಹಾಗೆ.
ಮೇಲೊಂದು ಸಾಲು ಸೇರಿಸಿದರೆ ಕೆಳಗಿನ ಸಹಿ
ಇನ್ನೊಂದು ಪುಟಕ್ಕೆ ಜಾರಿ ಒಂಟಿಯಾಗಿ ಕೂರುತ್ತಿತ್ತು.

ಪ್ರಿಂಟರಿನ ಹೊಟ್ಟೆ ಬಿಚ್ಚಲು ವಿರಾಜಪೇಟೆಯಿಂದ ಬಂದ ಬಿದ್ದಪ್ಪ
ಸ್ವಲ್ಪ ಹೊತ್ತು ಆ ಸದ್ದು ಕೇಳಿ,
"ಏನ್ ಸಕೀನಕ್ಕ, ಭತ್ತ ಕುಟ್ತಾ ಇದ್ದೀರಾ?" ಅಂದ.
ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿ ಅರ್ಧ ಕುರ್ಚಿಯಲ್ಲಿ ಕೂತು
ಟ್ಯಾಬ್ ಎಲ್ಲಿ ನಿಲ್ಲಬೇಕೋ ಅಲ್ಲೊಂದು ಗೂಟ ನೆಟ್ಟ.
ಕಂಟ್ರೋಲ್ ಹಿಡಿದು ಒಂದೇ ಎಂಟರ್: ಹೊಸ ಪುಟ.
ಬರಿದಾದ ಅರ್ಜಿಯೊಂದನ್ನು ಟೆಂಪ್ಲೇಟ್ ಮಾಡಿ ಉಳಿಸಿ,
"ನೂಪುಟ್ಟಿನ ಒರಳು ಇದು. ಹಿಟ್ಟು ಮಾತ್ರ ದಿನಾ ನಿಮ್ಮದು."
ಕೊನೆಗೆ ಕಂಟ್ರೋಲ್ ಎಚ್. ಇದನ್ನು ಹುಡುಕು, ಅದನ್ನು ಇಡು.
ನುಡಿ ಫಾಂಟಿನ ಹಳೆಯ ಕಡತಗಳಲ್ಲಿ ಮಾತ್ರ
ಕಣ್ಣೆದುರೇ ಇರುವ ಆನೆಯನ್ನು ಅದು ಸಿಗಲಿಲ್ಲ ಅನ್ನುತ್ತದೆ,
ಫಾರೆಸ್ಟ್ ಗಾರ್ಡಿನ ಥರ.

ಗಂಟೆಯ ಕೆಲಸ ಒಂಬತ್ತು ನಿಮಿಷಕ್ಕಿಳಿಯಿತು.
ಉಳಿದ ಹೊತ್ತಲ್ಲಿ ಏನು ಮಾಡಿದೆ? ಇನ್ನಷ್ಟು ಅರ್ಜಿ.

ಸೊಕ್ಕೂ ಬಂತು. ಹಂದಿ ಗದ್ದೆಗೆ ನುಗ್ಗಿದ ಕೇಸೊಂದಕ್ಕೆ
ಆನೆ ಇದ್ದಲ್ಲೆಲ್ಲ ಕಾಡುಹಂದಿ ಇಟ್ಟು ಓದದೆ ಕಳಿಸಿದೆ.
ರೇಂಜರ್ ಸಾಹೇಬರು ಫೋನಿನಲ್ಲಿ ನಗು ನುಂಗುತ್ತ,
"ಈ ಕಾಡುಹಂದಿಚೌಕೂರು ಎಲ್ಲಿ ಬರುತ್ತಮ್ಮ?"

ಕಾಫಿ ಕೊಯ್ಲು ಮುಗಿದ ವಾರ
ಅದೇ ಆನೆಚೌಕೂರಿನಾಚೆಯ ಹಾಡಿಯಿಂದ ಬೊಳ್ಳಿ ಬಂದಳು.
ಪ್ರತಿ ವರ್ಷ ಬರುತ್ತಿದ್ದದ್ದು ತೋಲ.
ಬಾಗಿಲಾಚೆಯೇ ನಿಂತು, ಬೆರಳು ಮಡಚಿ ಮಡಚಿ,
ಹೋದ ಬಾಳೆಗಳನ್ನು ಸಾಲು ಹಿಡಿದು ಎಣಿಸುತ್ತಿದ್ದ.
"ಹಕ್ಕುಪತ್ರ ಈಗ ನನ್ನ ಹೆಸರಿಗೆ" ಅಂದಳು.
ಅಷ್ಟೇ ಅಂದಳು.

ಹೋದ ವರ್ಷದ ಕಡತ ತೆರೆದೆ.
ಮೇಲಿನ ವಿಳಾಸದಲ್ಲಿ ಬೊಳ್ಳಿ ಕೋಂ ತೋಲ ಎಂದು ತಿದ್ದಿ,
ಹುಡುಕು: ತೋಲ. ಇಡು: ಬೊಳ್ಳಿ.
ಎಲ್ಲವನ್ನೂ ಬದಲಾಯಿಸು.
ಹತ್ತೊಂಬತ್ತು ಕಡೆ ಬದಲಾಯಿಸಲಾಗಿದೆ, ಎಂದಿತು,
ರೆಪ್ಪೆ ಬಡಿಯುವ ಮೊದಲೇ.

ಈ ಸಲ ಓದಿದೆ.
ಬೊಳ್ಳಿನ ಜಮೀನು. ಬೊಳ್ಳಿನಿಗೆ ಆದ ನಷ್ಟ.
ಬೊಳ್ಳಿನು ಕೋರುವುದೇನೆಂದರೆ.
ಹೆಸರು ಹೋದರೂ ಅವನ ನಕಾರ ಹೋಗಿರಲಿಲ್ಲ,
ಪ್ರತ್ಯಯದ ಕೈಹಿಡಿದು ಸಾಲು ಸಾಲಿನಲ್ಲಿ ನಿಂತೇ ಇತ್ತು.
ಮೇಲುಗಡೆ, ವಿಳಾಸದಲ್ಲಿ:
ಬೊಳ್ಳಿ ಕೋಂ ಬೊಳ್ಳಿ.

ಓದಿ ಹೇಳಿದೆ. ನಕ್ಕಳು.
"ಇರಲಿ ಬಿಡಿ. ಈಗ ಹಂಗೇ ಅಲ್ವಾ."

ಇರಲಿ ಅಂದರೆ ಇಲಾಖೆ ಕೇಳುವುದಿಲ್ಲ.
ಮಾಡಿದ್ದನ್ನು ರದ್ದು ಮಾಡಿ ಒಂದೊಂದೇ ಹುಡುಕಿದೆ,
ಬೊಳ್ಳಿಯ, ಬೊಳ್ಳಿಗೆ, ಬೊಳ್ಳಿಯು, ಹದಿನೆಂಟು ಕಡೆ.
ಒಂದು ಕಡೆ ಮಾತ್ರ ಮುಂದಿನದು ಅಂತ ಒತ್ತಿ ದಾಟಿದೆ.
ಆಮೇಲೆ ಹಿಂದೆ ಬಂದು, ಕೋಂ ಆದಮೇಲೆ,
ತೋಲನ ಮುಂದೆ ಒಂದು ಲೇಟ್ ಸೇರಿಸಿದೆ.
ಸಾಲು ಸ್ವಲ್ಪ ಸರಿಯಿತು. ಸಹಿಯ ಜಾಗ ಅಲ್ಲೇ ಇತ್ತು.

ಮುಕ್ಕಾಲು ಗಂಟೆ ಹಿಡಿಯಿತು. ಸಂಖ್ಯೆ ಇನ್ನೂ ಖಾಲಿ.
"ಬಾಳೆ ಎಷ್ಟು?" ಅಂದೆ.
ಬಾಗಿಲಾಚೆ ನಿಂತು ಅವಳು ಬೆರಳು ಮಡಚತೊಡಗಿದಳು.
ನಾನು ಕೀಬೋರ್ಡಿನಿಂದ ಕೈ ತೆಗೆದೆ.