ಬಾಗಿಲುಗಳು ಎಡಕ್ಕೆ ತೆರೆಯಲಿವೆ

ಹನ್ನೆರಡೂವರೆಗೆ, ರಾಜಾಜಿನಗರ ನಿಲ್ದಾಣದ ಮೆಟ್ಟಿಲ ಕೆಳಗೆ,
ಪೊರಕೆ, ಫಿನಾಯಿಲು, ಒಡೆದ ಬೋರ್ಡುಗಳ ಕೋಣೆಯಲ್ಲಿ
ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ.

ಬೆಳಗಿನಿಂದ ಎಂಟುನೂರು ಹೆಂಗಸರ
ಸೊಂಟ, ಬೆನ್ನು, ತೋಳು ಸವರಿದ ಕೈ ಇದು.
ಸೋಪು ಹಾಕಿ ಮೊಣಕೈವರೆಗೂ ತೊಳೆದಿದ್ದೇನೆ, ಎರಡು ಸಲ.
ಈಗ ನನ್ನದೇ ತಪಾಸಣೆ.

ಮೊದಲ ದಿನ ಏನೂ ಸಿಗಲಿಲ್ಲ.
ಹಿಂಡಿದೆ, ನೋವಾಯಿತು, ಅಷ್ಟೇ.
ಆಮೇಲೆ ಯಾರದೋ ಮಗು ಗೇಟಿನಲ್ಲಿ ಅತ್ತಿದ್ದಕ್ಕೆ
ನೀಲಿ ಅಂಗಿ ಎರಡೂ ಕಡೆ ಒದ್ದೆ.

ಹೆರಿಗೆ ವಾರ್ಡಿನ ಸಿಸ್ಟರ್ ಜಸಿಂತಾ ಫೋನಿನಲ್ಲಿ ನಕ್ಕರು:
"ತೊಟ್ಟು ಹಿಂಡ್ತೀಯೇನೇ? ಅದು ಬರೀ ನಲ್ಲಿ.
ಟ್ಯಾಂಕು ಹಿಂದಿರೋದು.
ಕಪ್ಪಿನ ಅಂಚಿಗೆ ಹೆಬ್ಬೆರಳು ಮೇಲೆ, ಬೆರಳು ಕೆಳಗೆ,
ಎದೆಗೂಡಿನ ಕಡೆ ಒತ್ತು, ಅದುಮು, ಬಿಡು.
ಒತ್ತು, ಅದುಮು, ಬಿಡು. ಉಜ್ಜಬೇಡ.
ಗಡಿಯಾರ ನೋಡಬೇಡ. ಮಗು ನೋಡು."

ಮಗು ಲಗ್ಗೆರೆಯಲ್ಲಿ, ಅತ್ತೆಯ ಕಾಲ ಮೇಲೆ.
ಮಾರನೇ ದಿನ ಅವಳ ಕುಲಾವಿ ಜೇಬಲ್ಲಿಟ್ಟುಕೊಂಡು ಬಂದೆ.
ಮೂಗಿಗೆ ಹಿಡಿದೆ:
ಕೊಬ್ಬರಿ ಎಣ್ಣೆ, ಬೆವರು, ಸಾಂಬ್ರಾಣಿ.
ಇರುವೆ ಸಾಲು ಹರಿದ ಹಾಗೆ ಎದೆಯೊಳಗೆ ಜುಮ್ಮೆಂದು
ತೊರೆ ಬಿಟ್ಟಿತು.

(ಹಸು ಕಟ್ಟಿದವಳಲ್ಲ ನಾನು, ಶ್ರೀರಾಂಪುರದಲ್ಲಿ ಹುಟ್ಟಿದವಳು;
ಆ ಮಾತು ಬಾಯಿಗೆ ಹೇಗೆ ಬಂತೋ.)

ಮೇಲೆ ರೈಲು ಬಂತು, ಗೋಡೆ ನಡುಗಿತು.
ಒಳಗೆ ಆ ಕಾಣದ ಹೆಂಗಸು ಹೇಳುತ್ತಿರುತ್ತಾಳೆ,
ಬಾಗಿಲುಗಳು ಎಡಕ್ಕೆ ತೆರೆಯಲಿವೆ,
ಸರಿಯಾಗಿ ಎಡಗಡೆಯದೇ ಸುರಿಯುವಾಗ.
ಒಬ್ಬಳೇ ನಕ್ಕೆ. ನಗುವಿಗೂ ನಾಲ್ಕು ಹನಿ ಬಿತ್ತು.

ಮೂವತ್ತು ಎಂ.ಎಲ್., ಅಂದಿತು ಬಾಟಲಿಯ ಗೆರೆ.
ಕೆಮ್ಮಿನ ಔಷಧಿಯೂ ಇದಕ್ಕಿಂತ ಜಾಸ್ತಿ ಬರುತ್ತದೆ.

ಸಂಜೆ ಚೀಲ ಬೆಲ್ಟಿನ ಮೇಲಿಟ್ಟೆ, ನನಗೂ ನಿಯಮ ಅದೇ.
ಪರದೆಯ ಮೇಲೆ ಐಸು, ಐಸಿನ ನಡುವೆ ಒಂದು ಕಿತ್ತಳೆ ನೆರಳು.
"ಏನಕ್ಕಾ ಇದು ದ್ರವ?" ಅಂದ ಯರ್ರಿಸ್ವಾಮಿ, ಹೊಸಬ.
"ಊಟ," ಅಂದೆ.

ನಮಗೆ ಫ್ರಿಜ್ಜಿಲ್ಲ. ಎದುರು ಮನೆಯ ಗುಲ್ಜಾರ್ ಬೀ
ಕೀಮಾ ಕೆಳಗಿಳಿಸಿ ಮೇಲಿನ ತಟ್ಟೆ ಒರೆಸಿ ಕೊಟ್ಟಳು.
"ಬಾಗಿಲ ಹತ್ರ ಬೇಡ, ಬಿಸಿ ತಾಗ್ತದೆ, ಹಿಂದಕ್ಕೆ ಇಡು."
ಮೂರು ಗಂಡು ಮಕ್ಕಳಿಗೂ ಕೇಳುವ ಹಾಗೆ:
"ಕರೆಂಟು ಹೋದಾಗ ಇದನ್ನ ತೆಗೆದವನ ಕೈ ಮುರೀತೀನಿ."

ಅತ್ತೆ ಒಪ್ಪಲಿಲ್ಲ. "ಹಸಿ ಹಾಲು, ಹಳಸಲು ಹಾಲು,
ಯಾರ ಕಣ್ಣು ಬಿತ್ತೋ," ಎಂದು ಪಾತ್ರೆಗೆ ಸುರಿದು
ಒಲೆ ಹಚ್ಚಲು ಹೊರಟಿದ್ದರು.
ಹಾಲು ಉಕ್ಕಿಸಿಯೇ ಈ ಬಾಡಿಗೆ ಮನೆ ಹೊಕ್ಕವರು ನಾವು.
ಇದು ಮಾತ್ರ ಉಕ್ಕಬಾರದು, ಅತ್ತೆ.
ಬಿಸಿನೀರಿನ ಚೊಂಬಿನಲ್ಲಿ ಬಾಟಲಿ ನಿಲ್ಲಿಸಿ,
ಮೆಲ್ಲಗೆ ತಿರುಗಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ.

ಬೆಳಕಿಗೆ ಹಿಡಿದು ನೋಡಿದರು.
ಮೇಲೊಂದು ಬೆರಳು ಕೆನೆ.
ತುಂಬಾ ಹೊತ್ತು ಬಾಟಲಿ ಕೆಳಗಿಡಲಿಲ್ಲ.
"ಊದುಬತ್ತಿ ಕಾರ್ಖಾನೆಯ ಬಚ್ಚಲಲ್ಲಿ
ಆರು ತಿಂಗಳು ಹಿಂಡಿ ಚೆಲ್ಲಿದೆ ನಾನು.
ಇಡಬಹುದು ಅಂತ ಯಾರೂ ಹೇಳಲಿಲ್ಲ."

ಈಗ ಬಾಟಲಿಗಳು ಅವರ ಲೆಕ್ಕ.
ತಾರೀಖು ಓದಲು ಬಾರದು, ಕತ್ತಿಗೆ ದಾರ ಕಟ್ಟುತ್ತಾರೆ:
ಸೋಮವಾರ ಕೆಂಪು, ಮಂಗಳವಾರ ಹಳದಿ,
ನಾಲ್ಕನೇ ದಿನ ದಾಟಿದ್ದು ಇರಕೂಡದು,
ಹಳೆಯದು ಮೊದಲು.

ನಿನ್ನೆ ಹಸಿರು ದಾರ ಮುಗಿದಿತ್ತು.
ತಮ್ಮ ಸೀರೆಯ ಸೆರಗಿನಿಂದ ಒಂದು ಎಳೆ ಎಳೆದರು.