ಕುಣಿಯಾಗ ಕಾಲ ಬಿಟ್ಟು

ಮಗ್ಗ ಬಿಚ್ಚಿ ಒಯ್ದ ಮ್ಯಾಲ
ಮನಿಯೊಳಗ ಉಳಿದದ್ದು ಒಂದು ಕುಣಿ.
ಗುಳೇದಗುಡ್ಡದ ಓಣ್ಯಾಗ ಎರಡು ಅಂಕಣದ ಮನಿ;
ಒಂದರಾಗ ಒಲಿ, ಇನ್ನೊಂದರಾಗ
ಬಾಯಿ ತಕ್ಕೊಂಡು ಕುಂತ ಈ ತಗ್ಗು.

"ಮುಚ್ಚಿಸಿ ಬಿಡ್ರಿ," ಅಂದ ಗೌಂಡಿ ಮೌಲಾಸಾಬ,
"ಎರಡು ಬಂಡಿ ಗರಸು, ಮ್ಯಾಲ ನಾಕು ಪರಸಿ,
ಸಂಜಿ ಅನ್ನೂದ್ರಾಗ ನೆಲಾ ನೆಲ ಆಗತೈತಿ."
ಬಾಜೂ ಮನಿ ಕಾಶವ್ವ ಧ್ವನಿ ತಗ್ಗಿಸಿ
"ಮನಿಯಾಗ ಕುಣಿ ಬರಿದ ಇರಬಾರದವಾ" ಅಂದಳು.
ಕುಣಿ ಅನ್ನೂ ಮಾತಿಗೆ ನಮ್ಮಲ್ಲಿ ಎರಡು ಅರ್ಥ;
ಆಕಿ ಎರಡನೇದು ನೋಡಿದ್ದಳು.

ಮಾವ ನಲವತ್ತು ವರ್ಷ
ಇದರಾಗ ಸ್ವಂಟದ ಮಟ ಇಳದು ಖಣ ನೇಯ್ದರು.
ಬಂದವರ ಕಣ್ಣಿಗೆ ಅರ್ಧ ಮನಷ್ಯಾನಂಗ ಕಾಣತಿದ್ದರು.
ಎಲ್ಲೆಲ್ಲಿಯ ಹೆಣ್ಣಮಕ್ಕಳ ಬೆನ್ನಮ್ಯಾಲೋ
ಅವರು ಮೂಡಿಸಿದ ಆನಿಹೆಜ್ಜಿ ನಡದಾವ,
ಅವರು ಮಾತ್ರ ಇಲ್ಲೇ.

ನನಗ ಮುಚ್ಚಾಕ ಮನಸಾಗಲಿಲ್ಲ.
ದೊಡ್ಡ ಕಾರಣ ಏನಿಲ್ಲ:
ಅತ್ತಿ ಮೊಣಕಾಲು ಮಡಚೂದಿಲ್ಲ.
ನಾವು ಮೂರು ಮಂದಿ ನೆಲಕ್ಕ, ಆಕಿ ಒಬ್ಬಾಕಿ
ಬಾಗಲ ಬಲ್ಲಿ ಪ್ಲಾಸ್ಟಿಕ್ ಕುರ್ಚಿಮ್ಯಾಲ,
ತೊಡಿಮ್ಯಾಲ ತಾಟು, ಪಲ್ಯದ ಎಣ್ಣಿ ಸೀರಿಗೆ.
"ಏನ ಮಾತಾಡಾಕತ್ತೀರಿ?" ಅಂತ ಅಲ್ಲಿಂದ ಕೇಳತಿದ್ದಳು.
ಕೆಳಗಿನ ಮಾತು ಮ್ಯಾಲ ಹೋಗೂದ್ರಾಗ
ಆರಿ ತಣ್ಣಗಾಗಿರತಿತ್ತು.

ಮೇಜು ಹಾಕಿದರ ಹಾಸಿಗಿ ಎಲ್ಲಿ?
ಬಾಗಲಕೋಟ್ಯಾಗ ಒಂದು ನೋಡಿ ಬಂದ್ವಿ,
ಮಡಚೂ ಮೇಜು, ಮೂರೂವರಿ ಸಾವಿರ;
ಮಡಚಿದರೂ ನಮ್ಮ ಮನಿಗಿಂತ ಗೇಣು ದೊಡ್ಡದು.

ಅವತ್ತ ರಾತ್ರಿ ಭಾಂಡಿ ತಿಕ್ಕಿ
ಕುಣಿ ದಂಡಿಗೆ ಕುಂತೆ, ಕಾಲ ಇಳಿಬಿಟ್ಟೆ.
ಸುಮ್ಮನ. ದಣಿವಿಗೆ.
ನೆಲ ತಾನ ಕುರ್ಚಿ ಆತು.

ಒಬ್ಬನ ಅಳತಿ ಕುಣಿ ಅದು, ನಾಕು ಮಂದಿಗೆ ಸಾಲದು.
ಇವರು ಹಾರಿ ಹಿಡದರು, ನಾ ಬುಟ್ಟಿ.
ಅಗದಂಗೆಲ್ಲ ಸಿಕ್ಕವು: ತುದಿ ಮುರದ ಲಾಳಿ,
ಸುಣ್ಣದ ಡಬ್ಬಿ, ಒಂದು ನಾಲ್ಕಾಣೆ,
ಇಲಿ ಗೂಡಿನ್ಯಾಗ ರೇಷ್ಮಿ ಎಳಿ, ಕೆಂಪು, ಇನ್ನೂ ಕೆಂಪ.
ಆ ಇಲಿ ನಮಗಿಂತ ಸೊಗಸಾಗಿ ಮಲಗೇತಿ.
ಕೆಮ್ಮಣ್ಣಿಗೆ ಸಗಣಿ ಕಲಸಿ ಗ್ವಾಡಿ ಮೆತ್ತಿದ್ವಿ,
ದಂಡಿಗುಂಟ ಹಳೀ ಕೌದಿ ಮಡಚಿ ಹಾಸಿದ್ವಿ.
ಮಗ್ಗ ಒಯ್ದವರು ಬ್ಯಾಡಂತ ಬಿಟ್ಟ ಎರಡು ಹಲಗಿ
ಜೋಡಿಸಿ ನಡುವ ಅಡ್ಡ ಇಟ್ವಿ.
ಅತ್ತಿ ಸಲುವಾಗಿ ಒಂದು ಮೆಟ್ಟಲ.
ಬಲ್ಬು ಕೆಳಗ ಇಳಿಸೀವಿ, ಏಳೂ ಮುಂದ ತಲಿಗೆ ಬಡೀತೈತಿ,
ವಾಯರು ಒಂದೀಟು ಏರಸಬೇಕು.

ಮೊದಲ ಊಟ. ನಡುವ ರೊಟ್ಟಿ ಬುಟ್ಟಿ,
ಪುಂಡಿಪಲ್ಯ, ಗುರೆಳ್ಳ ಹಿಂಡಿ, ಗುದ್ದಿದ ಉಳ್ಳಾಗಡ್ಡಿ.
ಅತ್ತಿ ಗ್ವಾಡಿ ಹಿಡದು ಇಳದಳು, ಕುಂತಳು,
ಅಂಗೈಲೆ ಮೆತ್ತಿದ ಮಣ್ಣು ಸವರಿದಳು.
ಎರಡು ತುತ್ತಾದ ಮ್ಯಾಲ ಅಂದಳು:
"ನಿಮ್ಮ ಮಾವಗ ದಿನಾ ಬಗ್ಗಿ ಬಗ್ಗಿ
ಇದರಾಗ ಚಾ ಕೊಟ್ಟೀನಿ, ನೀರು ಕೊಟ್ಟೀನಿ.
ಒಳಗ ಹೆಂಗೈತಿ ಅಂತ ಇವತ್ತ ನೋಡಿದೆ.
ತಂಪೈತಿ."
ಆಮ್ಯಾಲ ಮಗನ ಕಡೆ ತಿರುಗಿ,
"ಹುಚ್ಚೇಶಾ, ಮಸರು ಇತ್ತ ಸರಸು."

ಮಗ್ಗ ಬಿಟ್ಟು ಮೂರು ವರ್ಷಾತು,
ಈಗ ಬಾದಾಮಿ ದಾರ್ಯಾಗ ಟಂಟಂ ಓಡಸ್ತಾರ ಇವರು.
ಆದರೂ ರೊಟ್ಟಿ ಮುರಿಯೂ ಮುಂದ ಹಲಗಿ ಕೆಳಗ
ಅವರ ಕಾಲು, ಎಡ, ಬಲ, ಎಡ,
ನನ್ನ ಪಾದದಮ್ಯಾಲ ಮೆಲ್ಲಕ ತುಳೀತಾವ.
ಮ್ಯಾಲ ಮುಖಕ್ಕ ಸುದ್ದಿನ ಇರೂದಿಲ್ಲ.
ನಾ ಕಾಲ ಹಿಂದಕ್ಕ ತಕ್ಕೊಳ್ಳೂದಿಲ್ಲ.

ಇರಿವಿ ಕಾಟ ಐತಿ, ಸುಳ್ಳ ಯಾಕ ಹೇಳಲಿ.
ದಿನಾ ಮುಂಜಾನಿ ಇಳದು ರೊಟ್ಟಿ ಚೂರು ಬಳೀಬೇಕು.
ಸಣ್ಣ ಹುಡಿಗೀ ಕಾಲು ಇನ್ನೂ ತಳ ಮುಟ್ಟಿಲ್ಲ;
ಎಷ್ಟು ಉಳದೈತಿ ಅಂತ ದಿನಾ ಬಗ್ಗಿ ನೋಡತಾಳ.

ನಿನ್ನಿ ರಾತ್ರಿ ಕಾಶವ್ವ ಹೆಪ್ಪಿಗೆ ಮಸರು ಕೇಳಾಕ ಬಂದಿದ್ದಳು.
ಬಟ್ಟಲ ಹಿಡಕೊಂಡು ದಂಡಿಗೆ ನಿಂತಳು,
ನಮ್ಮ ತಲಿ ನೋಡಿದಳು, ಬುಟ್ಟಿ ನೋಡಿದಳು,
ಭಾಳ ಹೊತ್ತು ನಿಂತಳು.
"ಸರೀರಿ ಒಂದೀಟು" ಅಂದಳು.