ಕೊನೆಯ ಸೀಸನ್ನಿಗೆ ನಾನು ಸೇರಿಸಿದ ಸುಳ್ಳು

ನೂರ ನಲವತ್ತೊಂಬತ್ತು ರೂಪಾಯಿ, ನಾಲ್ವರ ಪಾಲು.
ಚಿಲ್ಲರೆ ಲೆಕ್ಕ ಶಬ್ರೀನಳದು, ಮೊಬೈಲು ನನ್ನದು.
ಗಾಜಿನ ಬಿರುಕು ಎಡಮೂಲೆಯಿಂದ ಹೊರಟು
ಯಾವ ಗ್ರಹ ತೋರಿಸಿದರೂ ಅದರ ಮೇಲೊಂದು ನದಿ ಎಳೆಯುತ್ತಿತ್ತು.

ವೇಮಗಲ್‌ನಲ್ಲಿ ಬಾಡಿಗೆ ರೂಮು, ಎರಡನೇ ಮಹಡಿ,
ಕೆಳಗೆ ಟೊಮ್ಯಾಟೊ ಕ್ರೇಟು ಇಳಿಸುವ ಸದ್ದು.
ಒಂದೇ ಚಾಪೆಯಲ್ಲಿ ನಾವು ‘ಏಳನೇ ಉಂಗುರ’ ನೋಡುತ್ತಿದ್ದೆವು,
ಐದನೇ ಸೀಸನ್, ಕೊನೆಯದು.

ಕನ್ನಡದಲ್ಲಿ ಇರಲಿಲ್ಲ, ತೆಲುಗಿತ್ತು.
ಶ್ರೀನಿವಾಸಪುರದ ನನಗೆ ಅದು ಮನೆಮಾತು,
ಕೊಪ್ಪಳದ ಹುಲಿಗೆಮ್ಮನಿಗೆ ಬರೀ ಗದ್ದಲ.
‘ಅಕಿ ಏನಂದ್ಲು, ರೆಡ್ಡೆಮ್ಮಕ್ಕಾ? ಆಮ್ಯಾಲೆ?’
ನಾಲ್ಕು ಸೀಸನ್ನು ಅವಳ ಕಿವಿಗೆ ಆಕಾಶವನ್ನು ಪಿಸುಗುಟ್ಟಿದ್ದೇನೆ.
ರಾಕೆಟ್ಟಿನ ಮಾತು ಸಿಗದ ಕಡೆ ಟ್ರ್ಯಾಕ್ಟರಿನ ಮಾತು ಹಾಕಿ.
ಗುರುತ್ವ ಅಂದರೆ ಏನು ಅಂದಳು,
ತುಂಬಿದ ಕೊಡ ಸೊಂಟ ಜಗ್ಗುತ್ತಲ್ಲ, ಅದು, ಅಂದೆ.

ಆ ಉಂಗುರದಲ್ಲಿ ಗಾಳಿ ಮಾರುತ್ತಾರೆ, ಉಸಿರಿಗಿಷ್ಟು ಅಂತ.
ಮಂಜುಗಡ್ಡೆ ಒಡೆಯುವವರು
ಸಂಬಳದಲ್ಲಿ ಎಳೆದುಕೊಂಡ ಉಸಿರನ್ನು ಸಾಲದಲ್ಲಿ ಬಿಡುತ್ತಾರೆ.
ಇದನ್ನು ಮಾತ್ರ ನಾನು ಬಿಡಿಸಿ ಹೇಳಬೇಕಾಗಲಿಲ್ಲ.
ಊಟಕ್ಕೆ, ಬಸ್ಸಿಗೆ, ಟೋಪಿಗೆ ಹಿಡಿದು ಉಳಿದ ನಮ್ಮ ಚೀಟಿ
ದಿಂಬಿನ ಕೆಳಗೇ ಇತ್ತು.

ಮೊದಲ ಸೀಸನ್ನಿನಲ್ಲಿ ಇರ್ವಾ ಅನ್ನುವವಳು
ಹೆಲ್ಮೆಟ್ಟು ಕಳಚಿ ಎದ್ದು ನಿಂತಿದ್ದಳು:
‘ಇದೊಂದು ಉಸಿರು ನನ್ನದು.’
ಆ ರಾತ್ರಿ ಗಂಗರತ್ನ ಬಚ್ಚಲಿಗೆ ಹೋಗಿ
ಬಹಳ ಹೊತ್ತಿಗೆ ಬಂದು, ಕಣ್ಣಿಗೆ ಸೋಪು ಹೋಯಿತು ಅಂದಳು.

ಕೊನೆಯ ಕಂತಿನಲ್ಲಿ ಇರ್ವಾ ಮುದುಕಿ.
ಒಡೆಯರು ಅವಳಿಗೊಂದು ಕುರ್ಚಿ ಹಾಕುತ್ತಾರೆ,
ಕಾಗದ ಇಡುತ್ತಾರೆ: ಗಾಳಿಯ ದರ ಅರ್ಧ, ದಂಗೆ ಬಂದ್.
ಅವಳು ಕಿಟಕಿಯಾಚೆ ನೋಡುತ್ತಾಳೆ, ನೋಡುತ್ತಾಳೆ,
ರುಜು ಹಾಕುತ್ತಾಳೆ.
ಸಂಗೀತ. ಯಾರ್ಯಾರದೋ ಹೆಸರು ಮೇಲೇರಿ ಹೋದವು.

ಹುಲಿಗೆಮ್ಮ ನನ್ನ ಮೊಣಕೈ ಹಿಡಿದೇ ಇದ್ದಳು.
‘ಏನ್ ಬರದ್ಲು?’
ನನಗೇನಾಯಿತೋ.
‘ಇನ್ನರ್ಧ ಎಲ್ಲಿ ಅಂತ ಬರೆದಳು’ ಅಂದೆ.
ಶಬ್ರೀನ್ ನನ್ನ ಮುಖ ನೋಡಿ
ಏನೂ ಅನ್ನದೆ ಎದ್ದು ಈರುಳ್ಳಿ ಹೆಚ್ಚಲು ಕೂತಳು.
ಹುಲಿಗೆಮ್ಮ ಒಂದೇ ಸಮ ನಗುತ್ತಿದ್ದಳು,
ಮುದ್ದೆ ನುಂಗುವಾಗಲೂ. (ಅವಳಿಗಿನ್ನೂ ನುಂಗಲು ಬರದು, ಅಗಿಯುತ್ತಾಳೆ.)

ಮಂಗಳವಾರ ನಾಲ್ಕನೇ ಲೈನಿಗೆ
ಓವರ್‌ಟೈಮಿನ ಹಾಳೆ ಬಂತು.
ಹದಿನಾರು ಗಂಟೆ ದುಡಿದದ್ದಕ್ಕೆ ಎಂಟು ಅಂತ ಇತ್ತು.
ಬೆಲ್ಟು ನಿಲ್ಲುವುದಿಲ್ಲ, ಎಡಗೈಯಲ್ಲಿ ಸ್ಕ್ರೂ,
ಬಲಗೈಯಲ್ಲಿ ರುಜು, ಹಾಳೆ ಮುಂದಕ್ಕೆ.
ನಾನೂ ಹಾಕಿದೆ.

ಅವಳ ಹತ್ತಿರ ಪೆನ್ನು ತಡೆಯಿತು.
ಬರೆಯುವಾಗ ಅವಳ ನಾಲಿಗೆಯ ತುದಿ ಹೊರಗೆ ಬರುತ್ತದೆ,
ಅಕ್ಷರ ದಪ್ಪ, ಗೆರೆ ದಾಟುತ್ತದೆ.
ಗೆರೆ ದಾಟಿ ಬರೆದಳು.

ಚಿತ್ತೂರಿನ ಸೂಪರ್‌ವೈಸರನಿಗೆ ಕನ್ನಡ ಓದಲು ಬಾರದು.
ಹಾಳೆಯನ್ನು ತಿರುಗಿಸಿ ನೋಡಿ
ನನ್ನ ಮುಂದೆ ಹಿಡಿದ.
‘ಏನು ಬರೆದಿದ್ದಾಳೆ ಇವಳು?’ ಕೇಳಿದ, ನನ್ನ ಮನೆಮಾತಿನಲ್ಲಿ.

ಅದೇ ಹಾಳೆಯಲ್ಲಿ, ಎರಡು ಸಾಲು ಮೇಲೆ,
ನನ್ನ ರುಜು ಇನ್ನೂ ಒಣಗಿರಲಿಲ್ಲ.
ಹುಲಿಗೆಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು,
ಯಾವಾಗಲೂ ನೋಡುವ ಹಾಗೆ,
ಆಮ್ಯಾಲೆ? ಅನ್ನುವ ಹಾಗೆ.